ಮಧುಮೇಹಿಯ ದಿನಚರಿ: ಮನೆಯ ಹೊಣೆ, ಶಾಲೆಯ ಹೊಣೆ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯು ಕನ್ನಡ ನಾಡಿನ ಮನೆಮನೆಯಲ್ಲಿಯೂ ಪ್ರಚಲಿತವಾದುದು. ತಲೆಮಾರುಗಳ ಅನುಭವದಿಂದ ಹೊರಹೊಮ್ಮಿದ ಈ ನುಡಿಯಲ್ಲಿ ಬಹುಪಾಲು ಸತ್ಯವಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗಾದೆಯನ್ನು ತಿಳಿವಳಿಕೆಯಾಗಿ ಬಳಸುವುದು ಬೇರೆ, ತೀರ್ಪಾಗಿ ಬಳಸುವುದು ಬೇರೆ. ರೋಗ ಬಂದವನೆಲ್ಲ ಊಟ ಅರಿಯದವನೇ ಆಗಿರಬೇಕೆಂದು ಅದನ್ನು ತಿರುಗಿಸಿ ಹೇಳತೊಡಗಿದರೆ ಒಳ್ಳೆಯ ಗಾದೆಯೂ ಅನ್ಯಾಯಕ್ಕೆ ಎಡೆಗೊಡುತ್ತದೆ. ಎಂಟು ವರ್ಷದ ಮಗುವಿಗೆ ಸಕ್ಕರೆ ಕಾಯಿಲೆ ಬಂದಿತೆಂದು ತಿಳಿದೊಡನೆ 'ಮಿಠಾಯಿ ತಿನ್ನಿಸಿ ತಿನ್ನಿಸಿ ಹೀಗೆ ಮಾಡಿಕೊಂಡಿರಿ' ಎಂದು ಆ ಮಗುವಿನ ತಾಯಿಯನ್ನು ಆಡಿಕೊಳ್ಳುವ ನೆರೆಹೊರೆಯವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅದೇ ನೆರೆಹೊರೆಯವರು ಐವತ್ತು ದಾಟಿದ ಮಧುಮೇಹಿಯೊಬ್ಬರು ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬೇಡವೆಂದರೆ 'ಒಂದು ದಿನಕ್ಕೆ ಏನಾಗುತ್ತದೆ, ಹಾಕಿಸಿಕೊಳ್ಳಿ' ಎಂದು ಒತ್ತಾಯಿಸುತ್ತಾರೆ. ತಪ್ಪಿಲ್ಲದ ಕಡೆ ನಿಂದೆ, ತಡೆಯಬೇಕಾದ ಕಡೆ ಉಪಚಾರ ಎಂಬ ಈ ವಿಪರ್ಯಾಸವೇ ಈ ರೋಗದ ವಿಷಯದಲ್ಲಿ ಸಮಾಜವು ಮೊದಲು ತಿದ್ದಿಕೊಳ್ಳಬೇಕಾದ ದೋಷ.

ವರ್ಷಕ್ಕೆ 8,760 ಗಂಟೆಗಳು. ಮಧುಮೇಹಿಯು ಮೂರು ತಿಂಗಳಿಗೊಮ್ಮೆ ವೈದ್ಯರನ್ನು ಕಂಡು, ಪ್ರತಿಸಲವೂ ಕಾಲು ಗಂಟೆ ಅವರೊಡನೆ ಮಾತನಾಡಿದನೆಂದು ಭಾವಿಸಿದರೂ, ವರ್ಷವೆಲ್ಲಕ್ಕೂ ವೈದ್ಯನ ಪಾಲಿಗೆ ಬರುವುದು ಒಂದೇ ಗಂಟೆ. ಉಳಿದ 8,759 ಗಂಟೆಗಳು ಅಡುಗೆಮನೆಯಲ್ಲಿ, ಹೊಲದಲ್ಲಿ, ಮಗ್ಗದ ಮುಂದೆ, ಕಾರ್ಖಾನೆಯಲ್ಲಿ, ತರಗತಿಯಲ್ಲಿ, ವಿದ್ಯಾರ್ಥಿನಿಲಯದಲ್ಲಿ ಕಳೆಯುತ್ತವೆ. ಆದುದರಿಂದ ಈ ರೋಗದ ಚಿಕಿತ್ಸೆಯ ಮುಖ್ಯ ಸ್ಥಳ ಆಸ್ಪತ್ರೆಯಲ್ಲ, ದಿನಚರಿ. ಆ ದಿನಚರಿಯು ರೋಗಿಯೊಬ್ಬನ ಛಲದಿಂದಲೇ ಸಾಗುವಂಥದೂ ಅಲ್ಲ. ಸುತ್ತಲಿನವರು ಹೊಣೆ ಹಂಚಿಕೊಂಡಲ್ಲಿ ಮಾತ್ರ ಅದು ನಿಲ್ಲುತ್ತದೆ.

ಎರಡು ಬಗೆ

ಭಾರತೀಯ ವೈದ್ಯಶಾಸ್ತ್ರವು ಈ ರೋಗವನ್ನು ಬಹು ಹಿಂದೆಯೇ ಗುರುತಿಸಿತ್ತು. ಚರಕ, ಸುಶ್ರುತ ಸಂಹಿತೆಗಳಲ್ಲಿ ಪ್ರಮೇಹವೆಂಬ ಹೆಸರಿನಲ್ಲಿ ಇದರ ಲಕ್ಷಣಗಳು ನಿರೂಪಿತವಾಗಿವೆ; ಮಧುಮೇಹವು ಅದರ ಒಂದು ಪ್ರಭೇದ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವನ್ನು 'ಸಹಜ' ಮತ್ತು 'ಅಪಥ್ಯನಿಮಿತ್ತ' ಎಂದು ವಿಂಗಡಿಸಲಾಗಿದೆ. ಹುಟ್ಟಿನೊಡನೆ ಬೀಜದೋಷದಿಂದ ಬಂದುದು ಮೊದಲನೆಯದು. ಆ ರೋಗಿ ಕೃಶನಾಗಿರುತ್ತಾನೆ, ಬಾಯಾರಿಕೆಯಿಂದ ಬಳಲುತ್ತಾನೆ. ಅಹಿತವಾದ ಆಹಾರದಿಂದ ಬಂದುದು ಎರಡನೆಯದು. ಆ ರೋಗಿ ಸ್ಥೂಲನಾಗಿರುತ್ತಾನೆ, ಹೆಚ್ಚು ಉಣ್ಣುತ್ತಾನೆ, ಕುಳಿತಲ್ಲೇ ಇರಬಯಸುತ್ತಾನೆ. ಇವರಿಬ್ಬರಿಗೂ ಒಂದೇ ಚಿಕಿತ್ಸೆ ಸಲ್ಲದೆಂದೂ ಕೃಶನನ್ನು ಪೋಷಿಸಬೇಕೆಂದೂ ಸ್ಥೂಲನನ್ನು ಕರಗಿಸಬೇಕೆಂದೂ ಆ ಆಚಾರ್ಯರು ವಿಧಿಸಿದರು. ಸಿರಿವಂತ ರೋಗಿಗೆ ಬಗೆಬಗೆಯ ವ್ಯಾಯಾಮವನ್ನು ಹೇಳಿ, ಬಡವನಾದರೆ ನೂರು ಯೋಜನ ನಡೆಯಲಿ ಇಲ್ಲವೆ ಬಾವಿ ತೋಡಲಿ ಎಂದಿರುವುದನ್ನು ಕಂಡರೆ ಅವರ ವ್ಯವಹಾರಜ್ಞಾನಕ್ಕೆ ತಲೆದೂಗಬೇಕಾಗುತ್ತದೆ.

ಇಂದಿನ ವೈದ್ಯವಿಜ್ಞಾನವೂ ಮುಖ್ಯವಾಗಿ ಎರಡು ಬಗೆಗಳನ್ನು ಹೇಳುತ್ತದೆ. ಪ್ರಾಚೀನರ ವಿಭಾಗವನ್ನೂ ಇಂದಿನ ವಿಭಾಗವನ್ನೂ ಅಕ್ಷರಶಃ ಸಮೀಕರಿಸುವುದು ಪಾಂಡಿತ್ಯಕ್ಕೆ ಶೋಭೆಯಲ್ಲ. ಆದರೂ ಬಗೆ ಅರಿತು ನಡೆಯಬೇಕೆಂಬ ತತ್ತ್ವ ಎರಡರಲ್ಲಿಯೂ ಒಂದೇ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಎಂಬ ರಸವನ್ನು ಸ್ರವಿಸುವ ಜೀವಕಣಗಳಿವೆ. ರಕ್ತದಲ್ಲಿನ ಸಕ್ಕರೆಯು ದೇಹದ ಕಣಗಳೊಳಗೆ ಹೊಕ್ಕು ಶಕ್ತಿಯಾಗಬೇಕಾದರೆ ಈ ರಸವೇ ಬಾಗಿಲು ತೆರೆಯಬೇಕು. ಹೊರಗಿನ ರೋಗಾಣುಗಳನ್ನು ಎದುರಿಸಬೇಕಾದ ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಆ ಜೀವಕಣಗಳನ್ನು ನಾಶಮಾಡಿದರೆ ಒಂದನೆಯ ಬಗೆಯ ಮಧುಮೇಹ ತಲೆದೋರುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಇಂಥವುಗಳಿಗೆ ಸ್ವಯಂನಿರೋಧಕ ರೋಗಗಳೆಂದು ಹೆಸರು. ಇದು ಹೆಚ್ಚಾಗಿ ಮಕ್ಕಳಲ್ಲಿಯೂ ತರುಣರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮಗು ತಿಂದ ಸಿಹಿಯಾಗಲಿ ತಾಯಿಯ ಮಮತೆಯಾಗಲಿ ಇದಕ್ಕೆ ಕಾರಣವಲ್ಲ. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಕ್ರಮೇಣ ಅದರ ಸ್ರಾವವೂ ಕುಗ್ಗುತ್ತದೆ. ವಂಶ, ಬೊಜ್ಜು, ಶ್ರಮವಿಲ್ಲದ ಜೀವನ, ಮಿತಿಯಿಲ್ಲದ ಆಹಾರ ಇವೆಲ್ಲ ಅದಕ್ಕೆ ಕಾರಣಗಳು.

ಎರಡನೆಯ ಬಗೆಯಲ್ಲಿಯೂ ದೋಷವೆಲ್ಲ ಉಣ್ಣುವವನ ನಾಲಗೆಯದೆಂದು ಹೇಳುವಂತಿಲ್ಲ. ಇದಕ್ಕೆ ಸಾಕ್ಷಿ ಕರ್ನಾಟಕದಲ್ಲಿಯೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದಲೇ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ ಮೊದಲಾದ ಅಳತೆಗಳನ್ನು ಬರೆದಿಟ್ಟುಕೊಂಡಿತ್ತು. ಹಲವು ದಶಕಗಳ ಅನಂತರ ಸಂಶೋಧಕರು, ಹಾಗೆ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಪತ್ತೆಹಚ್ಚಿ ಪರೀಕ್ಷಿಸಿದಾಗ, ಹುಟ್ಟಿದಾಗಿನ ದೇಹದ ಗಾತ್ರಕ್ಕೂ ತಾಯಿಯ ತೂಕಕ್ಕೂ ಮುಂದೆ ಬರುವ ಮಧುಮೇಹಕ್ಕೂ ನಂಟಿರುವುದು ಕಂಡುಬಂದು, 1998ರಲ್ಲಿ ಪ್ರಕಟವಾಯಿತು. ಬಸಿರಿನಲ್ಲಿಯೇ ಬಿತ್ತಲ್ಪಟ್ಟುದಕ್ಕೆ ಐವತ್ತರ ವಯಸ್ಸಿನ ಮನುಷ್ಯನನ್ನು ನಿಂದಿಸಿ ಫಲವೇನು? ನಿಂದೆಯಿಂದ ಯಾರ ರಕ್ತದ ಸಕ್ಕರೆಯೂ ಇಳಿದುದಿಲ್ಲ. ನಿಂದೆಗೆ ಹೆದರಿ ರೋಗವನ್ನು ಮುಚ್ಚಿಟ್ಟು ಕಣ್ಣು, ಮೂತ್ರಪಿಂಡಗಳನ್ನು ಕಳೆದುಕೊಂಡವರು ಮಾತ್ರ ಉಂಟು.

ಈ ಸೀಮೆಯ ಬದಲಾದ ಬದುಕು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಂದಿ ಮಧುಮೇಹಿಗಳು, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಇದು ನಗರದ ಸಿರಿವಂತರ ಕಾಯಿಲೆಯೆಂಬ ಹಳೆಯ ಎಣಿಕೆ ಇನ್ನು ನಿಲ್ಲುವುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಕಳೆದ ಕೆಲವು ದಶಕಗಳ ಬದುಕನ್ನು ನೋಡಿದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ನೇಗಿಲು ಹಿಡಿದ ಕೈಗಳು ಹಲವೆಡೆ ಜಮೀನು ಮಾರಿದ ಹಣವನ್ನು ಹಿಡಿದವು. ಮೂರು ಮೈಲಿ ನಡೆದು ಸಂತೆಗೆ ಹೋಗುತ್ತಿದ್ದವರ ಮಕ್ಕಳು ಬೀದಿಯ ಕೊನೆಯ ಅಂಗಡಿಗೂ ಮೋಟಾರು ಬೈಕು ಹತ್ತುತ್ತಾರೆ. ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯವರು ನಡುರಾತ್ರಿಯಲ್ಲಿ ಉಣ್ಣುತ್ತಾರೆ, ಹಗಲು ಮಲಗುತ್ತಾರೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಮುಂದೆ ಬೇಸರ ಕಳೆಯಲು ಟೀ ಕುಡಿಯುವುದು ವಾಡಿಕೆ. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಹನ್ನೆರಡು ಚಮಚ, ಅಂದರೆ ಐವತ್ತು ಗ್ರಾಮಿಗೆ ಕಡಮೆಯಿಲ್ಲ. ಬೆರೆಸಿದ ಸಕ್ಕರೆಯು ದಿನಕ್ಕೆ ಸುಮಾರು 25 ಗ್ರಾಮಿನೊಳಗಿದ್ದರೆ ಲೇಸೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೀಗಾಗಿ ಊಟಕ್ಕೆ ಕೂರುವ ಮೊದಲೇ ಮಿತಿ ಇಮ್ಮಡಿಯಾಗಿರುತ್ತದೆ.

ರಾಗಿಯ ವಿಷಯದಲ್ಲಿ ಒಂದು ಮಾತು ಅವಶ್ಯ. ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಅಕ್ಕಿಯ ಎದುರು ರಾಗಿಗೆ ಗೆಲುವು ತಂದುಕೊಟ್ಟರು. ಈ ಸೀಮೆಯ ಜನಕ್ಕೆ ರಾಗಿಯ ಮೇಲಿರುವ ಅಭಿಮಾನ ಸಹಜವಾದುದು, ಸಕಾರಣವಾದುದು. ನಾರಿನ ಅಂಶ ಅದರಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ಹೆಚ್ಚು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಗಿಲಾದ ಸುಣ್ಣದ ಅಂಶವಿದೆ. ಆದರೆ ಅದೇ ನೂರು ಗ್ರಾಮಿನಲ್ಲಿ ಸುಮಾರು ಮೂರನೆಯ ಎರಡು ಭಾಗ ಪಿಷ್ಟವೇ ಆಗಿದೆಯೆಂಬುದನ್ನು ಮರೆಯಲಾಗದು. ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. 'ಮುದ್ದೆ ತಾನೇ, ಎಷ್ಟಾದರೂ ಉಣ್ಣಬಹುದು' ಎಂದು ಎರಡು ದೊಡ್ಡ ಮುದ್ದೆ ಉಂಡವರಿಗೆ ರಾಗಿಯು ರಕ್ಷಣೆಯಾಗಲಾರದು. ದಿನವೆಲ್ಲ ಹೊಲದಲ್ಲಿ ಬೆವರು ಸುರಿಸಿದವರ ಅಳತೆಯ ಮುದ್ದೆಯನ್ನು ಕುರ್ಚಿಯಲ್ಲಿ ಕುಳಿತವರು ಉಣ್ಣಬಾರದು. ಮುದ್ದೆ ಚಿಕ್ಕದಾಗಿ, ಸೊಪ್ಪು, ಕಾಳು, ತರಕಾರಿಯ ಬಸ್ಸಾರು, ಮಸ್ಸೊಪ್ಪು, ಪಲ್ಯಗಳು ಹೆಚ್ಚಾಗಿ ಇದ್ದರೆ ಈ ಸೀಮೆಯ ಊಟದಂಥ ಪಥ್ಯದ ಊಟ ಮತ್ತೊಂದಿಲ್ಲ. ಹಣ್ಣುಗಳಿಗೂ ಇದೇ ನ್ಯಾಯ. ದೇವನಹಳ್ಳಿಯ ಹೆಸರುವಾಸಿಯಾದ ಚಕ್ಕೋತವನ್ನಾಗಲಿ ಹಲಸನ್ನಾಗಲಿ ದ್ರಾಕ್ಷಿಯನ್ನಾಗಲಿ ಮಿತವಾಗಿ, ರಸ ಹಿಂಡದೆ, ಹಣ್ಣಾಗಿಯೇ ತಿನ್ನುವುದು ಲೇಸು. ರಕ್ತದೊತ್ತಡಕ್ಕೂ ಕೊಬ್ಬಿಗೂ ಕೊಡುವ ಕೆಲವು ಮಾತ್ರೆಗಳೊಡನೆ ಚಕ್ಕೋತ ಹೊಂದುವುದಿಲ್ಲವಾದುದರಿಂದ ಅಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ ತಿನ್ನತಕ್ಕದ್ದು.

ಒಂದು ದಿನದ ಮಾತನ್ನೂ ಲೆಕ್ಕ ಹಾಕಿ ನೋಡಬೇಕು. ಸಂಕ್ರಾಂತಿಯ ಎಳ್ಳುಬೆಲ್ಲ, ಶಿವರಾತ್ರಿಯ ತಂಬಿಟ್ಟು, ಯುಗಾದಿಯ ಒಬ್ಬಟ್ಟು, ಗೌರಿ ಗಣೇಶನ ಕಡುಬು, ದಸರೆ, ದೀಪಾವಳಿ, ಘಾಟಿಯ ಜಾತ್ರೆ, ನೆಂಟರ ಮನೆಯ ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ ಎಂದು ಎಣಿಸುತ್ತ ಹೋದರೆ 'ಒಂದು ದಿನ'ಗಳು ಸೇರಿ ವರ್ಷದ ಬಹುಭಾಗವೇ ಆಗಿಬಿಡುತ್ತದೆ. ಬಡಿಸುವವರು ಎರಡನೆಯ ಸಲ ಒತ್ತಾಯಿಸದಿರುವುದೂ ಒಂದು ಉಪಚಾರವೆಂದು ಎಣಿಸತಕ್ಕದ್ದು. ದಾಸೋಹದ ಪಂಕ್ತಿಯಲ್ಲಿಯೂ ಹಾಗೆಯೇ. ಪ್ರಸಾದಕ್ಕೆ ಮಹತ್ತ್ವ ಬರುವುದು ಭಾವದಿಂದ, ಸೌಟಿನ ಅಳತೆಯಿಂದಲ್ಲ. ಕಣದಷ್ಟು ಪಾಯಸವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರೂ ಅದು ಪೂರ್ಣವಾದ ಪ್ರಸಾದವೇ.

ನಿತ್ಯದ ಎಚ್ಚರಗಳು

ಇನ್ಸುಲಿನ್ ದೊರೆತ ಕಥೆಯನ್ನು ಶಾಲೆಗಳಲ್ಲಿ ಹೇಳಬೇಕು. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಎಂಬವರು ಮ್ಯಾಕ್ಲಿಯಡ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ ಇದನ್ನು ಬೇರ್ಪಡಿಸಿದರು. ಕಾಲಿಪ್ ಎಂಬವರು ಶುದ್ಧೀಕರಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲೆನಾರ್ಡ್ ಥಾಮ್ಸನ್ ಎಂಬ ಬಾಲಕನಿಗೆ ಅದನ್ನು ಮೊದಲು ಕೊಡಲಾಯಿತು. ಅಂದಿನವರೆಗೆ ಆ ರೋಗ ತಗುಲಿದ ಮಕ್ಕಳು ಬಹುಬೇಗ ಸಾಯುತ್ತಿದ್ದರು; ಆ ಬಾಲಕ ಮತ್ತೆ ಹದಿಮೂರು ವರ್ಷ ಬದುಕಿದನು. ತಮ್ಮ ಹಕ್ಕನ್ನು ಸಂಶೋಧಕರು ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟುದು ಒಂದೊಂದು ಡಾಲರಿಗೆ. ಬ್ಯಾಂಟಿಂಗ್ ಅವರು ಹುಟ್ಟಿದ ನವೆಂಬರ್ 14ನ್ನು ವಿಶ್ವ ಮಧುಮೇಹ ದಿನವಾಗಿ ಆಚರಿಸುವುದು ಉಚಿತವೇ ಆಗಿದೆ. ಈ ದೇಶದಲ್ಲಿ ಅದೇ ದಿನ ಮಕ್ಕಳ ದಿನಾಚರಣೆಯೂ ಹೌದು.

ಒಂದನೆಯ ಬಗೆಯ ರೋಗಿಗೆ ಇನ್ಸುಲಿನ್ ಅನ್ನದಷ್ಟೇ ಅಗತ್ಯ. ಅದನ್ನು ಬಿಡಿಸಿ ಬೇರು, ಕಷಾಯ, ಪುಡಿಗಳಿಂದ ಗುಣಪಡಿಸುತ್ತೇವೆನ್ನುವವರ ಮಾತಿಗೆ ಮರುಳಾದ ಮನೆಯಲ್ಲಿ ಮಗು ಕೆಲವೇ ದಿನಗಳಲ್ಲಿ ಪ್ರಾಣಾಪಾಯಕ್ಕೆ ಗುರಿಯಾಗುತ್ತದೆ. ಶಾಸ್ತ್ರದ ಮೇಲಿನ ಗೌರವ ಇದಕ್ಕೆ ನೆಪವಾಗಬಾರದು. ಬೀಜದೋಷದಿಂದ ಬಂದ ಮಧುಮೇಹವು ಸಾಧ್ಯವಲ್ಲವೆಂದು ಚರಕಸಂಹಿತೆಯೇ ಒಪ್ಪಿಕೊಂಡಿದೆ. ತಮ್ಮ ಎಲ್ಲೆಯನ್ನು ತಾವೇ ಹೇಳಿಕೊಂಡ ಆಚಾರ್ಯರ ಹೆಸರಿನಲ್ಲಿ ಎಲ್ಲೆಯಿಲ್ಲದ ಭರವಸೆ ಮಾರುವುದು ಆ ಆಚಾರ್ಯರಿಗೇ ಮಾಡುವ ಅಪಚಾರ. ಜ್ವರ, ವಾಂತಿ ಬಂದು ಮಗು ಉಣ್ಣದ ದಿನವೂ ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಬಾರದು. ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಿ ವೈದ್ಯರ ಸಲಹೆಯಂತೆ ಪ್ರಮಾಣವನ್ನು ಹೊಂದಿಸಬೇಕು.

ಸಣ್ಣವೆಂದು ತೋರುವ ಸಂಗತಿಗಳಲ್ಲಿಯೇ ದೊಡ್ಡ ಪ್ರಮಾದಗಳು ಅಡಗಿವೆ. ಈ ದೇಶದಲ್ಲಿ ಇನ್ಸುಲಿನ್ ಸೀಸೆಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟಿನವು. ಪೆನ್ನುಗಳಲ್ಲಿ ಬಳಸುವುದು 100 ಯೂನಿಟ್ಟಿನದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ಒಂದರ ಔಷಧಿಯನ್ನು ಮತ್ತೊಂದರ ಸಿರಿಂಜಿನಲ್ಲಿ ಅಳೆದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಬಳಸದೆ ಉಳಿದ ಸೀಸೆಯನ್ನು ಶೀತಕಪಾಟಿನಲ್ಲಿ 2ರಿಂದ 8 ಡಿಗ್ರಿ ಉಷ್ಣತೆಯಲ್ಲಿ ಇಡಬೇಕು. ಮಂಜುಗಟ್ಟುವ ಅರೆಯಲ್ಲಿ ಇಡಲೇಬಾರದು. ಶೀತಕಪಾಟಿಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಿನಲ್ಲಿರಿಸಿ, ಒಳಗೆ ಸೀಸೆಯನ್ನು ಕಾಪಾಡಬಹುದು. ಚುಚ್ಚುವ ಜಾಗವನ್ನು ಹೊಟ್ಟೆ, ತೊಡೆಗಳಲ್ಲಿ ಬದಲಾಯಿಸುತ್ತಿರಬೇಕು. ಒಂದೇ ಕಡೆ ಚುಚ್ಚಿದರೆ ಅಲ್ಲಿ ಗಂಟುಕಟ್ಟಿ ಔಷಧಿ ಸರಿಯಾಗಿ ಸೇರುವುದಿಲ್ಲ.

ಸಕ್ಕರೆ ಏರುವುದಕ್ಕಿಂತ ಇಳಿಯುವುದು ತಕ್ಷಣದ ಅಪಾಯ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡವರು ಹೊತ್ತಿಗೆ ಉಣ್ಣದಿದ್ದರೆ, ಮಿತಿಮೀರಿ ದುಡಿದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿಯಬಹುದು. ಆಗ ಬೆವರು, ನಡುಕ, ಎದೆಬಡಿತ, ತಡವರಿಕೆ, ಕಾರಣವಿಲ್ಲದ ಸಿಟ್ಟು ಕಾಣುತ್ತವೆ. ಎಚ್ಚರವಿದ್ದಲ್ಲಿ ಕೂಡಲೇ ಮೂರು ಚಮಚ ಸಕ್ಕರೆಯನ್ನೋ ಗ್ಲುಕೋಸನ್ನೋ ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆಮಾಡಬೇಕು. ಶಿವರಾತ್ರಿಯ ಉಪವಾಸ, ಜಾಗರಣೆಗಳನ್ನು ಕೈಗೊಳ್ಳುವ ಮಧುಮೇಹಿಗಳು ಮೊದಲೇ ವೈದ್ಯರನ್ನು ಕಂಡು ಮಾತನಾಡುವುದು ವಿವೇಕ.

ಪಾದಗಳ ವಿಷಯವೂ ಅಲಕ್ಷ್ಯಕ್ಕೆ ಗುರಿಯಾಗಿದೆ. ಬಹುಕಾಲದ ಮಧುಮೇಹದಿಂದ ನರಗಳು ಮಂದವಾದಾಗ ಅಂಗಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದು. ಬೇಸಿಗೆಯಲ್ಲಿ ಶಿವಗಂಗೆಯ ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ಹತ್ತಿದವರ ಅಂಗಾಲು ಬೊಬ್ಬೆಯೆದ್ದರೂ ಅವರಿಗೆ ಅರಿವಾಗದೆ ಹೋಗಬಹುದು. ಆ ಗಾಯ ಕೀವಾಗಿ ಬೆರಳನ್ನೋ ಕಾಲನ್ನೋ ಕಳೆದುಕೊಳ್ಳುವಂತಾಗುತ್ತದೆ. ಹೊಲದಲ್ಲಿ ಚಪ್ಪಲಿ, ಬೆಟ್ಟ ಹತ್ತುವಾಗ ಬೆಳಗಿನ ತಂಪು ಹೊತ್ತು, ರಾತ್ರಿ ಮಲಗುವ ಮುನ್ನ ಅಂಗಾಲಿನ ಪರೀಕ್ಷೆ ಇವು ಖರ್ಚಿಲ್ಲದ ಚಿಕಿತ್ಸೆಗಳು. ಕಣ್ಣು ಮಂಜಾದ ಅಜ್ಜಿಯ ಪಾದವನ್ನು ಮೊಮ್ಮಗ ನೋಡಿ ಹೇಳಲಿ. ಅದು ಪಾದಪೂಜೆಗಿಂತ ಕಡಮೆಯ ಸೇವೆಯಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆ, ಮೂತ್ರದ ಪರೀಕ್ಷೆ, ರಕ್ತದೊತ್ತಡದ ಮೇಲೆ ನಿಗಾ ಇವನ್ನೂ ತಪ್ಪಿಸಬಾರದು.

ದೇಹದ ರಕ್ಷಣಾವ್ಯವಸ್ಥೆ ಒಮ್ಮೆ ದಾರಿತಪ್ಪಿದ ಮೇಲೆ ಬೇರೆ ಅಂಗಗಳನ್ನೂ ಕಾಡುವ ಸಂಭವವಿದೆ. ಆದುದರಿಂದಲೇ ಒಂದನೆಯ ಬಗೆಯ ಮಕ್ಕಳಿಗೆ ಥೈರಾಯ್ಡ್ ಗ್ರಂಥಿಯ ಪರೀಕ್ಷೆಯನ್ನೂ ಗೋಧಿಯ ಅಂಟು ಒಗ್ಗದ ಸೀಲಿಯಕ್ ರೋಗದ ಪರೀಕ್ಷೆಯನ್ನೂ ಆಗಾಗ ಮಾಡಿಸುತ್ತಾರೆ. ಥೈರಾಯ್ಡ್ ಮಾತ್ರೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಕಾಫಿಯನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದ ಮೇಲೆ ಕುಡಿಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ಕೀಲುಗಳನ್ನು ಕಾಡುವ ಸ್ವಯಂನಿರೋಧಕ ವಾತಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆಗಳು ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಆದರೂ ಅವನ್ನು ಬಹುದಿನ ನುಂಗಿದವರು ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಅಪಾಯಕರ. ಈ ರೋಗಗಳೆಲ್ಲಕ್ಕೂ ಸಮಾನವಾದ ಲಕ್ಷಣವೊಂದಿದೆ: ಹೊರಗೆ ಏನೂ ಕಾಣುವುದಿಲ್ಲ. ಮುಖದಲ್ಲಿ ಕಳೆಯಿದ್ದೂ ಮೈಯಲ್ಲಿ ಬಲವಿಲ್ಲದವರನ್ನು ಸೋಮಾರಿಗಳೆಂದು ಜರೆಯುವುದು ಸುಲಭ. ಕಾಣದ ನೋವನ್ನು ನಂಬುವುದಕ್ಕೆ ಹೃದಯವಂತಿಕೆ ಬೇಕು.

ಶಾಲೆಯ ಕರ್ತವ್ಯ

ಶಾಲೆಯ ಹೊಣೆ ಇಲ್ಲಿಂದ ಆರಂಭವಾಗುತ್ತದೆ. ತರಗತಿಯಲ್ಲಿ ಹುಡುಗನೊಬ್ಬ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಲು ಅಪ್ಪಣೆ ಕೇಳುತ್ತಾನೆ. ಬಾಟಲಿಗಟ್ಟಲೆ ನೀರು ಕುಡಿಯುತ್ತಾನೆ. ಕೆಲವೇ ವಾರಗಳಲ್ಲಿ ಬಡವಾಗುತ್ತಾನೆ. ಪಾಠದ ನಡುವೆ ತೂಕಡಿಸುತ್ತಾನೆ. ಇದನ್ನು ತುಂಟತನವೆಂದು ಬಗೆದು ಬೆಂಚಿನ ಮೇಲೆ ನಿಲ್ಲಿಸುವ ಅಧ್ಯಾಪಕರಿಗೂ, ಅನುಮಾನಗೊಂಡು ಅಂದೇ ಆಸ್ಪತ್ರೆಗೆ ಕಳುಹಿಸುವ ಅಧ್ಯಾಪಕರಿಗೂ ಇರುವ ವ್ಯತ್ಯಾಸ ಒಂದು ಜೀವದಷ್ಟು. ತಡವಾದರೆ ರಕ್ತದಲ್ಲಿ ಆಮ್ಲ ಹೆಚ್ಚಿ, ಹೊಟ್ಟೆನೋವು, ವಾಂತಿ, ಏದುಸಿರು ಬಂದು ಮಗು ಪ್ರಜ್ಞೆ ತಪ್ಪುತ್ತದೆ. ಸರ್ಕಾರದ ಮನೆಮನೆ ತಪಾಸಣೆಗಳು ಈ ಮಕ್ಕಳನ್ನು ಹಿಡಿಯಲಾರವು. ಕರ್ನಾಟಕದಲ್ಲಿ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಶ್ಲಾಘ್ಯವಾದುದೇ. ಆದರೆ ಅದರ ಸಕ್ಕರೆ ಪರೀಕ್ಷೆ ಮೂವತ್ತು ದಾಟಿದವರಿಗೆ. ಎಂಟು, ಹತ್ತು ವರ್ಷದ ಮಗುವನ್ನು ದಿನಕ್ಕೆ ಆರು ಗಂಟೆ ಎದುರಿಗಿಟ್ಟುಕೊಂಡು ನೋಡುವವರು ಉಪಾಧ್ಯಾಯರೇ.

ರೋಗ ಗೊತ್ತಾದ ಮೇಲೆ ಶಾಲೆಯ ಬಾಗಿಲು ಮುಚ್ಚಬಾರದು. 'ವಿದ್ಯಾರ್ಥಿನಿಲಯದಲ್ಲಿ ಯಾರು ನೋಡಿಕೊಳ್ಳುವರು' ಎಂಬ ಒಂದು ಪ್ರಶ್ನೆಯಿಂದಲೇ ಪ್ರವೇಶ ತಪ್ಪಿದರೆ, ದೂರದ ಹಳ್ಳಿಯಿಂದ ಬಂದ ಬಡ ಮಗುವಿಗೆ ವಿದ್ಯೆಯೇ ತಪ್ಪುತ್ತದೆ. ನೋಡಿಕೊಳ್ಳುವುದು ಅಸಾಧ್ಯವೂ ಅಲ್ಲ. ಮಗುವಿಗೆ ತರಗತಿಯಲ್ಲಿಯೇ ರಕ್ತ ಪರೀಕ್ಷಿಸಿಕೊಳ್ಳಲು, ಬೇಕಾದಾಗ ತಿನ್ನಲು, ಮೂತ್ರಕ್ಕೆ ಹೋಗಲು ಅಪ್ಪಣೆ. ಮರೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳಲು ಒಂದು ಶುಚಿಯಾದ ಮೂಲೆ. ಅಧ್ಯಾಪಕರ ಕೊಠಡಿಯಲ್ಲಿ ಗ್ಲುಕೋಸು, ಸಕ್ಕರೆ, ಗ್ಲುಕೋಮೀಟರ್ ಇರುವ ಒಂದು ಪೆಟ್ಟಿಗೆ. ಪೋಷಕರ, ವೈದ್ಯರ ದೂರವಾಣಿ ಸಂಖ್ಯೆ ಬರೆದ ಒಂದು ಹಾಳೆ. ಸಕ್ಕರೆ ಇಳಿದಾಗ ಏನು ಮಾಡಬೇಕೆಂದು ಬಲ್ಲ ಇಬ್ಬರು ಅಧ್ಯಾಪಕರು. ಬೇಕಾದುದು ಇಷ್ಟೇ. ಆಟದ ಮೈದಾನದಿಂದಲೂ ಆ ಮಗುವನ್ನು ಹೊರಗಿಡಬೇಕಾಗಿಲ್ಲ. ಆಟಕ್ಕೆ ಮುನ್ನ ಪರೀಕ್ಷಿಸಿಕೊಂಡು, ಕೈಗೆಟುಕುವಂತೆ ಸಕ್ಕರೆಯಿಟ್ಟುಕೊಂಡು ಅದು ಎಲ್ಲರಂತೆ ಓಡಬಹುದು. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2017ರಲ್ಲಿಯೇ ತನ್ನ ಪರೀಕ್ಷಾ ಕೊಠಡಿಗಳಿಗೆ ಇಂಥ ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ನೀರು ಮೊದಲಾದುವನ್ನು ಒಯ್ಯಲು ಅನುಮತಿಯಿತ್ತಿತು. 2025ರಲ್ಲಿ ಆಹಾರ ಪಾನೀಯಗಳಲ್ಲಿನ ಸಕ್ಕರೆಯ ಪ್ರಮಾಣವನ್ನು ತೋರಿಸುವ ಫಲಕಗಳನ್ನು ತನ್ನ ಶಾಲೆಗಳಲ್ಲಿ ಹಾಕಬೇಕೆಂದೂ ಸೂಚಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಒಂದನೆಯ ಬಗೆಯ ಮಧುಮೇಹದ ಚಿಕಿತ್ಸೆಗೆಂದೇ 2022ರಲ್ಲಿ ಮಾರ್ಗಸೂಚಿಯನ್ನು ಹೊರತಂದಿದೆ. ಮಠಮಾನ್ಯಗಳ ಆಶ್ರಯದಲ್ಲಿ ನಡೆಯುವ ಶಾಲೆಗಳು ಇಂಥ ಕಾರ್ಯಕ್ಕೆ ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ. ಹಸಿದು ಬಂದವನ ಕುಲಗೋತ್ರ ಕೇಳದೆ ಅನ್ನವಿಕ್ಕಿದ ಪರಂಪರೆಗೆ, ರೋಗವಿರುವ ಮಗುವಿಗೆ ಹೊತ್ತಿಗೆ ಸರಿಯಾಗಿ ಬಡಿಸುವುದು ಹೊರೆಯಾದೀತೆ?

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮುಂದೆ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಮಗಳ ಕಾಯಿಲೆಯನ್ನು ನೆಂಟರಿಂದಲೂ ಶಾಲೆಯಿಂದಲೂ ಮುಚ್ಚಿಡುವ ಮನೆಗಳುಂಟು. ಮುಚ್ಚಿಟ್ಟ ಕಾಯಿಲೆಗೆ ಮುಚ್ಚಿಟ್ಟೇ ಚಿಕಿತ್ಸೆ. ನೆಂಟರು ಬಂದ ದಿನ ಇನ್ಸುಲಿನ್ ತಪ್ಪುತ್ತದೆ, ಪ್ರವಾಸ ಹೋದ ದಿನ ಪರೀಕ್ಷೆ ತಪ್ಪುತ್ತದೆ, ಸಕ್ಕರೆ ಇಳಿದು ಬವಳಿ ಬಂದರೂ ಗೆಳತಿಯರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡ ಹೆಣ್ಣುಮಗಳು ಓದಬಲ್ಲಳು, ದುಡಿಯಬಲ್ಲಳು, ವೈದ್ಯರ ಮೇಲ್ವಿಚಾರಣೆಯಲ್ಲಿ ಆರೋಗ್ಯವಂತ ಮಗುವಿನ ತಾಯಿಯಾಗಬಲ್ಲಳು. ಮುಚ್ಚಿಡುವ ಕಾರಣ ರೋಗದಲ್ಲಿಲ್ಲ, ಸುತ್ತಲಿನವರ ಮಾತಿನಲ್ಲಿದೆ. ಅದನ್ನು ತೆಗೆಯಲು ಶಾಲೆಗಿಂತ ತಕ್ಕ ಸ್ಥಳವಿಲ್ಲ.

ದಾನಿಗಳ ಮುಂದಿಡಬೇಕಾದ ಲೆಕ್ಕವೊಂದಿದೆ. ಒಂದನೆಯ ಬಗೆಯ ಮಗುವಿನ ರಕ್ತವನ್ನು ದಿನಕ್ಕೆ ನಾಲ್ಕು ಬಾರಿಯಾದರೂ ಪರೀಕ್ಷಿಸಬೇಕೆಂದರೆ ತಿಂಗಳಿಗೆ 120, ವರ್ಷಕ್ಕೆ 1,460 ಪರೀಕ್ಷಾಪಟ್ಟಿಗಳು ಬೇಕು. ಇನ್ಸುಲಿನ್ನಿನ ಖರ್ಚನ್ನು ಹೇಗೋ ಹೊಂದಿಸಿಕೊಂಡ ಕೂಲಿಯವರ ಮನೆ ಪಟ್ಟಿಯ ಖರ್ಚಿನಲ್ಲಿ ಕುಸಿಯುತ್ತದೆ. ಪರೀಕ್ಷೆಯಿಲ್ಲದೆ ಚುಚ್ಚುವ ಇನ್ಸುಲಿನ್ ಕತ್ತಲಲ್ಲಿ ಎಸೆದ ಕಲ್ಲು. ಕೊಠಡಿ ಕಟ್ಟಿಸಿ ಹೆಸರು ಕೆತ್ತಿಸುವ ದಾನ ದೊಡ್ಡದೇ. ಆ ಕೊಠಡಿಯಲ್ಲಿ ಕುಳಿತು ಓದಬೇಕಾದ ಮಗುವಿನ ವರ್ಷದ ಪಟ್ಟಿಗಳನ್ನು ಹೆಸರಿಲ್ಲದೆ ಕೊಡಿಸುವ ದಾನ ಅದಕ್ಕಿಂತ ಸಣ್ಣದೆನ್ನಲು ಯಾವ ಕಾರಣವೂ ಇಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೊಂದು ದಿನ ಬಂದು ಅಧ್ಯಾಪಕರಿಗೆ ತರಬೇತಿ ಕೊಡಬಹುದು. ಬೆಂಗಳೂರಿನಲ್ಲಿರುವವರು ಅಲ್ಲಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ನೆರವಿನ ಆಸ್ಪತ್ರೆಗಳಿಗೆ ಹಳ್ಳಿಯ ತಂದೆತಾಯಿಗಳನ್ನು ಕರೆದೊಯ್ದು ದಾರಿ ತೋರಿಸಬಹುದು.

ಮಧುಮೇಹವನ್ನು ಬೇರುಸಹಿತ ಕಿತ್ತೊಗೆಯುವ ಔಷಧಿಯ ಹುಡುಕಾಟವನ್ನು ವಿಜ್ಞಾನಿಗಳು ನಡೆಸುತ್ತಿದ್ದಾರೆ. ಅದು ಕೈಗೂಡುವವರೆಗೆ ಪ್ರತಿದಿನವೂ ಹೊಸದಾಗಿ ಮಾಡಬೇಕಾದ ಕೆಲಸವೊಂದು ಉಳಿದೇ ಇರುತ್ತದೆ. ಅಳತೆಯ ಊಟ, ಹೊತ್ತಿನ ಔಷಧಿ, ಒಂದಿಷ್ಟು ನಡಿಗೆ, ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ, ಪಾದದ ಮೇಲೊಂದು ಕಣ್ಣು. ಕಾಯಕವೆಂಬ ಮಾತನ್ನು ಬಲ್ಲ ನಾಡಿಗೆ ಇದನ್ನು ಬೇರೆ ಹೆಸರಿನಿಂದ ವಿವರಿಸಬೇಕಾಗಿಲ್ಲ. ಮಧುಮೇಹಿಯು ತನ್ನ ಕಾಯಕವನ್ನು ತಾನು ಮಾಡಲಿ. ಮನೆಯು ಅವನಿಗೆ ಹಿತವಾದುದನ್ನು ಅಟ್ಟಲಿ, ನೆಂಟರು ಒತ್ತಾಯವನ್ನು ಬಿಡಲಿ, ಶಾಲೆಯು ಬಾಗಿಲು ತೆರೆದಿಡಲಿ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯ ಜೊತೆಗೆ, ಉಣಬಡಿಸಲು ಬಲ್ಲವರಿದ್ದಲ್ಲಿ ರೋಗಿಗೂ ಭಯವಿಲ್ಲವೆಂಬ ಮಾತು ಈ ಸೀಮೆಯಲ್ಲಿ ನಿಜವಾಗಲಿ.